ಚಿಕಿತ್ಸೆಯ ಕೊಠಡಿಯಲ್ಲಿ ನಿಮ್ಮ ಹಕ್ಕು

‘ಆಟಿಸಂ ಇದೆಯಲ್ಲ, ಅದಕ್ಕೇ ಏನೇನೋ ಹೇಳ್ತಾನೆ. ನಾಲ್ಕು ಸಲ ಕೌನ್ಸೆಲಿಂಗ್ ಮಾಡಿಸಿ, ಸರಿಹೋಗ್ತಾನೆ.’ ಆಟಿಸಂ ಇರುವ ಯುವಕನೊಬ್ಬ ತಾನು ಗೇ ಎಂದು ಮನೆಯಲ್ಲಿ ಹೇಳಿಕೊಂಡಾಗ ಬಂಧುಗಳಿಂದ, ಕೆಲವೊಮ್ಮೆ ವೈದ್ಯರಿಂದಲೂ ಬರುವ ಮಾತು ಇದು. ಇದರಲ್ಲಿ ಎರಡು ತಪ್ಪುಗಳಿವೆ. ಗೇ ಆಗಿರುವುದು ಕಾಯಿಲೆ ಎಂಬುದು ಒಂದು. ಆಟಿಸಂ ಇರುವವರಿಗೆ ತಮ್ಮ ಮನಸ್ಸು ತಮಗೇ ತಿಳಿಯದು ಎಂಬುದು ಇನ್ನೊಂದು. ನಮ್ಮ ಕಾನೂನು ಎರಡನ್ನೂ ಒಪ್ಪುವುದಿಲ್ಲ.

ಇಲ್ಲಿ ಮುಖ್ಯ ಆಸರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಸಮಾಜದ ನೈತಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ಗುರುತಿಸುವಂತಿಲ್ಲ ಎನ್ನುತ್ತದೆ ಅದರ 3ನೇ ಸೆಕ್ಷನ್. ಲಿಂಗ, ಲೈಂಗಿಕ ಒಲವುಗಳ ಆಧಾರದಲ್ಲಿ ತಾರತಮ್ಯವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು 18ನೇ ಸೆಕ್ಷನ್ ಕೊಡುತ್ತದೆ. ಗೇ ಅಥವಾ ಬೇರೆ ಯಾವುದೇ ಕ್ವಿಯರ್ ವ್ಯಕ್ತಿಗೂ ಖಿನ್ನತೆ, ಆತಂಕ ಬರಬಹುದು, ಅದಕ್ಕೆ ಚಿಕಿತ್ಸೆ ಬೇಕು. ಆದರೆ ಆ ಚಿಕಿತ್ಸೆ ಖಿನ್ನತೆಗೆ, ಅವರ ಒಲವಿಗಲ್ಲ.

ನನ್ನ ಮಟ್ಟಿಗೆ ಈ ಕಾಯ್ದೆಯ ಅತಿ ಬೆಲೆಯುಳ್ಳ ಭಾಗ 4ನೇ ಸೆಕ್ಷನ್. ವಿಷಯವನ್ನು ಅರ್ಥಮಾಡಿಕೊಳ್ಳಬಲ್ಲ, ಪರಿಣಾಮವನ್ನು ಗ್ರಹಿಸಬಲ್ಲ ಅಥವಾ ನಿರ್ಧಾರವನ್ನು ಮಾತು, ಮುಖಭಾವ, ಸನ್ನೆ, ಇನ್ನಾವುದೇ ರೀತಿಯಲ್ಲಿ ತಿಳಿಸಬಲ್ಲವರಿಗೆ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯವಿದೆ ಎಂದೇ ಭಾವಿಸಬೇಕು. ನಿಮ್ಮ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ನಿಮಗೆ ಸಾಮರ್ಥ್ಯವಿಲ್ಲ ಎಂದಾಗುವುದಿಲ್ಲ. ‘ಅವನಿಗೇನು ಗೊತ್ತಾಗುತ್ತೆ’ ಎನ್ನುವವರಿಗೆ ಈ ಸಾಲನ್ನು ಓದಿ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳಿವೆ. ಇತರರಿಗೆ ಇರುವಷ್ಟೇ ಕಾನೂನು ಸಾಮರ್ಥ್ಯ ಇವರಿಗೂ ಇದೆಯೆಂದು ಅದರ 13ನೇ ಸೆಕ್ಷನ್ ಸಾರುತ್ತದೆ. ಗಮನ ನಿಲ್ಲಿಸುವುದಕ್ಕೆ ತೊಡಕಾಗುವ ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ಒಲವನ್ನು ಬದಲಿಸುತ್ತೇವೆ ಎನ್ನುವ ‘ಕನ್ವರ್ಷನ್ ಥೆರಪಿ’ಯ ವಿರುದ್ಧ 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟ್ ಗಟ್ಟಿಯಾದ ಆದೇಶ ಕೊಟ್ಟಿತು. ಎಸ್. ಸುಷ್ಮಾ ಪ್ರಕರಣ ಅದು. ತೀರ್ಪು ಬರೆಯುವ ಮೊದಲು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ವಿಷಯ ಅರಿಯಲು ಸ್ವತಃ ಮನಶ್ಶಾಸ್ತ್ರಜ್ಞರ ಬಳಿ ಕುಳಿತರು. ಅಧಿಕಾರದಲ್ಲಿರುವವರು ಕಲಿಯಲು ಹಾಗೆ ಕೂರುವುದು ಅಪರೂಪ. ಅದೇ ಪ್ರಕರಣದ ಮುಂದುವರಿಕೆಯಾಗಿ 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ‘ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಹಾಗಾಗಿ ಕರ್ನಾಟಕದಲ್ಲಿ ವೈದ್ಯರೊಬ್ಬರು ಇದನ್ನು ಮಾಡಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಮೊದಲ ಭೇಟಿಯಲ್ಲೇ ಕೇಳಬೇಕಾದ್ದನ್ನು ಕೇಳಿ. ನೋಂದಣಿ ಸಂಖ್ಯೆ ಏನು? ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ‘ಕೌನ್ಸೆಲರ್’ ಎಂದಷ್ಟೇ ಬೋರ್ಡ್ ಇದ್ದರೆ ಓದು, ತರಬೇತಿ ಏನೆಂದು ವಿಚಾರಿಸಿ. ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯಲಾಗದಿದ್ದರೆ ಆರಿಸಲು ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಆಗದಿದ್ದರೆ ಗೋಡೆ ನೋಡಿಕೊಂಡೇ ಮಾತಾಡಿ. ಬಾಯಲ್ಲಿ ಹೇಳಲಾಗದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ ಎನ್ನಿ. ಇದು ನೀವು ಬೇಡುವ ಉಪಕಾರವಲ್ಲ. ಅಂಗವಿಕಲರಿಗೆ ಕಾನೂನು ಹೇಳುವ ‘ಸೂಕ್ತ ಹೊಂದಾಣಿಕೆ’ ಎಂದರೆ ಇಂಥದ್ದೇ. ಕೈ ಆಡಿಸಬೇಡ, ನೆಟ್ಟಗೆ ಕೂರು ಎಂದು ಗದರುವವರ ಬಳಿ ಎರಡನೇ ಸಲ ಹೋಗಬೇಕಾಗಿಲ್ಲ.

ಗುಟ್ಟು ಎಲ್ಲಿಯವರೆಗೆ ಗುಟ್ಟಾಗಿ ಉಳಿಯುತ್ತದೆ ಎಂಬುದನ್ನೂ ಕೇಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯ ಹಕ್ಕು ಕೊಟ್ಟಿದೆ. ನಿಮಗಾಗಲಿ ಇನ್ನೊಬ್ಬರಿಗಾಗಲಿ ಜೀವಾಪಾಯವಿದ್ದರೆ, ಕೋರ್ಟ್ ಆದೇಶವಿದ್ದರೆ ಅದು ಸಡಿಲವಾಗುತ್ತದೆ. ನೀವು ನೇಮಿಸಿಕೊಂಡ ‘ನಾಮಿತ ಪ್ರತಿನಿಧಿ’ಗೆ ತಮ್ಮ ಕರ್ತವ್ಯ ನಡೆಸಲು ಬೇಕಾದಷ್ಟು ಮಾಹಿತಿ ಸಿಗುತ್ತದೆ. ಹಾಗಾಗಿ ನಂಬಿಕೆಯ ಗೆಳೆಯರನ್ನೋ ಸಂಗಾತಿಯನ್ನೋ ಮೊದಲೇ ಬಿಳಿ ಹಾಳೆಯಲ್ಲಿ ಬರೆದು, ಸಹಿ ಹಾಕಿ ನೇಮಿಸಿ. 14ನೇ ಸೆಕ್ಷನ್ ಪ್ರಕಾರ ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. 18 ತುಂಬದವರಿಗೆ ಈ ಆಯ್ಕೆ ಇಲ್ಲ. ಸಾಮಾನ್ಯವಾಗಿ ಪೋಷಕರೇ ಪ್ರತಿನಿಧಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೋಕ್ಸೊ ಕಾಯ್ದೆಯಂತೆ ಥೆರಪಿಸ್ಟ್ ವರದಿ ಮಾಡಲೇಬೇಕು. ಇದನ್ನು ಎಳೆಯರಿಗೆ ಮೊದಲೇ ಹೇಳುವುದು ಒಳ್ಳೆಯ ಥೆರಪಿಸ್ಟ್‌ನ ಲಕ್ಷಣ.

ಮನೆಯವರು ಆಸ್ಪತ್ರೆಗೆ ಸೇರಿಸಿಬಿಟ್ಟರೆ? ವಯಸ್ಕರನ್ನು ಒಪ್ಪಿಗೆಯಿಲ್ಲದೆ ದಾಖಲಿಸಲು ತಂದೆಯ ಸಹಿಯೊಂದೇ ಸಾಲದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ, ತೀವ್ರ ಮಾನಸಿಕ ಕಾಯಿಲೆಯಿಂದ ಅಪಾಯವಿದೆ ಎಂದೋ ಸ್ವಂತ ಆರೈಕೆ ಸಾಧ್ಯವಿಲ್ಲ ಎಂದೋ ಹೇಳಬೇಕು. ಆಗಲೂ ಈ ಸೆಕ್ಷನ್ ಅಡಿಯಲ್ಲಿ ಗರಿಷ್ಠ 30 ದಿನ. ಈ ದಾಖಲಾತಿಯನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ಪ್ರಶ್ನಿಸಬಹುದು. ಸರಪಳಿ ಹಾಕುವುದು, ಅರಿವಳಿಕೆ ಇಲ್ಲದೆ ವಿದ್ಯುತ್ ಕಂಪನ ಕೊಡುವುದು ಯಾವ ಕಾರಣಕ್ಕೂ ಕೂಡದು.

ದೂರಿಗೆ ಬೇಕಾದದ್ದು ಸಾಕ್ಷ್ಯ. ರಸೀದಿ, ಔಷಧ ಚೀಟಿ, ವಾಟ್ಸ್ಆ್ಯಪ್ ಸಂದೇಶಗಳನ್ನು ಜೋಪಾನ ಮಾಡಿ. ವೈದ್ಯರು ಅಥವಾ ಕೌನ್ಸೆಲರ್ ಆಡಿದ ಮಾತನ್ನು ಅಂದೇ ತಾರೀಖು ಸಮೇತ ಬರೆದಿಡಿ: ‘ಮದುವೆಯಾದರೆ ಸರಿಹೋಗುತ್ತೆ, ಅಲ್ಲಿವರೆಗೆ ಈ ಮಾತ್ರೆ ತಗೋ ಎಂದರು’ ಎಂಬಷ್ಟು ಸ್ಪಷ್ಟವಾಗಿ. 25ನೇ ಸೆಕ್ಷನ್ ಹೇಳುವಂತೆ ನಿಮ್ಮ ಮೂಲಭೂತ ವೈದ್ಯಕೀಯ ದಾಖಲೆಗಳನ್ನೂ ಕೇಳಿ ಪಡೆಯಿರಿ. ಆಸ್ಪತ್ರೆಯ ಮೇಲಿನ ದೂರನ್ನು ಮೊದಲು ಅಲ್ಲಿನ ಮುಖ್ಯಸ್ಥರಿಗೆ, ಆಮೇಲೆ ಪರಿಶೀಲನಾ ಮಂಡಳಿಗೆ, ಕೊನೆಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಒಯ್ಯಬಹುದು. ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಪರಿಷತ್ತಿನ ನೋಂದಣಿ ಇಲ್ಲದವರ ವಿಚಾರದಲ್ಲಿ ಈ ದಾರಿಯೇ ಹೆಚ್ಚು ಉಪಯುಕ್ತ.

ವಯಸ್ಕರನ್ನು ಮನೆಯಲ್ಲೇ ಕೂಡಿಹಾಕಿದ್ದರೆ ಗೆಳೆಯರು ಅಥವಾ ಸಂಗಾತಿ ಹೈಕೋರ್ಟ್‌ನಲ್ಲಿ, ಅವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ಇಂಥ ಪ್ರಕರಣಗಳಲ್ಲಿ ಕೌನ್ಸೆಲಿಂಗ್ ಹೆಸರಿನಲ್ಲಿ ವ್ಯಕ್ತಿಯ ಮನಸ್ಸು ಬದಲಿಸಲು ನ್ಯಾಯಾಲಯಗಳು ಯತ್ನಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ದೇವು ಜಿ. ನಾಯರ್ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ಮನಸ್ಸು ಕುಗ್ಗಿ ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.