ಗಂಟೆಗೆ ಏಳೂವರೆ ರೂಪಾಯಿಯ ಎಣ್ಣೆ

ಸಾಲ ತೀರಿದ ಹಳೆಯ ಟ್ರ್ಯಾಕ್ಟರ್ ರೈತನಿಗೆ ದೊಡ್ಡ ಆಸರೆ. ಕಂತಿಲ್ಲ, ಬಡ್ಡಿಯಿಲ್ಲ, ಡೀಸೆಲ್ ಹಾಕಿದರೆ ಉಳುಮೆ ನಡೆಯುತ್ತದೆ. ಆದರೆ ಈ ಲಾಭ ಗೇರ್ ಬಾಕ್ಸ್ ಗಟ್ಟಿಯಾಗಿರುವ ತನಕ ಮಾತ್ರ. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಗೇರ್ ಆಯಿಲನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಇದಕ್ಕೆ ಕಾರಣ ಸೋಮಾರಿತನವಲ್ಲ, ಒಂದೇ ಸಲಕ್ಕೆ ಕೈಬಿಟ್ಟು ಹೋಗುವ ದುಡ್ಡು. ಹಳೆಯ ಮ್ಯಾಸಿ ಫರ್ಗುಸನ್ 35ಕ್ಕೆ ಸುಮಾರು 30 ಲೀಟರು ಬೇಕು. ಲೀಟರಿಗೆ 250 ರೂಪಾಯಿ ಹಿಡಿದರೂ 7,500 ಆಯಿತು. ಬೀಜ, ಗೊಬ್ಬರಕ್ಕೆ ಹಣ ಹೊಂದಿಸುವ ಹೊತ್ತಿನಲ್ಲಿ ಇಷ್ಟನ್ನು ಎಣ್ಣೆಗೆ ಸುರಿಯಲು ಯಾರಿಗೂ ಮನಸ್ಸು ಬಾರದು.

ಹಾಗಾಗಿ ಈ ಖರ್ಚನ್ನು ರಿಪೇರಿಯ ಲೆಕ್ಕದಿಂದ ತೆಗೆದು ಡೀಸೆಲಿನ ಪಕ್ಕದಲ್ಲಿ ಬರೆಯಬೇಕು ಎಂಬುದು ನನ್ನ ವಾದ. ವರ್ಷಕ್ಕೆ 500 ಗಂಟೆ ದುಡಿಯುವ ಗಾಡಿಗೆ 1,000 ಗಂಟೆಗೊಮ್ಮೆ ಎಣ್ಣೆ ಬದಲಿಸಿದರೆ ಎರಡು ವರ್ಷಕ್ಕೊಂದು ಸಲವಾಯಿತು. ಗಂಟೆಗೆ ಬೀಳುವುದು ಏಳೂವರೆ ರೂಪಾಯಿ. ಅದೇ ಗಂಟೆಗೆ ಮೂರು ಲೀಟರು ಡೀಸೆಲ್ ಹೋದರೆ, ಲೀಟರಿಗೆ 90ರಂತೆ 270 ರೂಪಾಯಿ. ಡೀಸೆಲಿಗೆ ನೂರು ರೂಪಾಯಿ ಕೊಡುವವನು ಗೇರ್ ಆಯಿಲಿಗೆ ಮೂರು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಕೆಸರು ಗದ್ದೆಯಲ್ಲಿ ದುಡಿಯುವ ಗಾಡಿಗೆ ಈ ಅವಧಿಯನ್ನು ಅರ್ಧಕ್ಕಿಳಿಸಿದರೂ ಗಂಟೆಗೆ 15 ರೂಪಾಯಿ. ಬಾಡಿಗೆಗೆ ಹೋಗುವವರು ದಿನದ ದುಡಿಮೆಯಲ್ಲಿ ಇಷ್ಟನ್ನು ಬೇರೆ ಡಬ್ಬಿಗೆ ಹಾಕಿಟ್ಟರೆ, ಎಣ್ಣೆ ತರುವ ದಿನ ಸಾಲ ಕೇಳಬೇಕಾಗುವುದಿಲ್ಲ.

ಗೇರ್ ಆಯಿಲ್ ಉರಿಯುವುದಿಲ್ಲವಲ್ಲ, ಕಡಿಮೆಯಾದಷ್ಟು ತುಂಬಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಂಜಿನ್ನಿನಂತೆ ಮಸಿ ಸೇರುವುದಿಲ್ಲ ಎಂಬುದು ನಿಜ. ಆದರೆ ಗೇರ್ ಲಿವರಿನ ಹರಿದ ರಬ್ಬರಿನಿಂದ ಮಳೆನೀರು ಇಳಿಯುತ್ತದೆ. ಹಗಲು ಕಾದ ಹೌಸಿಂಗ್ ರಾತ್ರಿ ತಣಿದಾಗ ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿ, ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಮೇಲಿಂದ ಹೊಸ ಎಣ್ಣೆ ಸುರಿದರೆ ಆ ನೀರೂ ಲೋಹದ ಪುಡಿಯೂ ಅಲ್ಲೇ ಉಳಿಯುತ್ತವೆ. ಫರ್ಗುಸನ್ ಮಾದರಿಯಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಲಿಫ್ಟಿನ ಪಂಪು ಆ ಎಣ್ಣೆಯಲ್ಲೇ ಮುಳುಗಿರುತ್ತದೆ. ಕೆಟ್ಟ ಎಣ್ಣೆ ಅಲ್ಲಿ ಒಂದನ್ನಲ್ಲ, ಮೂರನ್ನೂ ತಿನ್ನುತ್ತದೆ.

ಹೊಸ ಎಣ್ಣೆ ಹಾಕಿದರೆ ಹಳೆಯ ಗಾಡಿ ಸೋರತೊಡಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಜಿಡ್ಡು ಕಟ್ಟಿ ತಡೆದಿದ್ದ ಸೀಲು ಮೊದಲೇ ಸವೆದದ್ದು. ಸೀಲಿನ ಬೆಲೆಗೂ ಗೇರಿನ ಬೆಲೆಗೂ ಹೋಲಿಕೆಯೇ ಇಲ್ಲ. ಒಂದೂವರೆ ಲಕ್ಷವೂ ಬಾಳದ ಗಾಡಿಗೆ ಇಷ್ಟೆಲ್ಲ ಏಕೆ ಎನ್ನುವವರು ಮಾರುವ ಬೆಲೆ ನೋಡುತ್ತಿದ್ದಾರೆ. ನೋಡಬೇಕಾದದ್ದು ಅದರ ಜಾಗಕ್ಕೆ ಇನ್ನೊಂದನ್ನು ತರುವ ಬೆಲೆ. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸಲು ತೊಡಗಿತ್ತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಅಂಥ ಗಾಡಿಯ ಗೇರು ಮುರಿದರೆ ಗುಜರಿಯಲ್ಲಿ ಹುಡುಕುತ್ತ ಬಿತ್ತನೆಯ ಹದ ಕಳೆದುಕೊಳ್ಳುವ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಉಳಿತಾಯಕ್ಕೆಂದು ಸಿಕ್ಕ ಎಣ್ಣೆ ಹಾಕುವುದೂ ತಪ್ಪು. ಕೆಲವು ಜಿಎಲ್-5 ಎಣ್ಣೆಗಳಲ್ಲಿನ ಗಂಧಕದ ಅಂಶ ಹಳೆಯ ಗೇರ್ ಬಾಕ್ಸಿನ ಕಂಚಿನ ಬುಶ್ ತಿನ್ನಬಲ್ಲದು. ಕೈಪಿಡಿ ಹೇಳಿದ ದರ್ಜೆಯನ್ನೇ ಕೇಳಿ ತನ್ನಿ. ನಿಮ್ಮ ಗಾಡಿಯ ಸ್ಥಿತಿ ತಿಳಿಯಲು ಖರ್ಚೇನೂ ಬೇಡ: ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಡ್ರೈನ್ ನಟ್ಟನ್ನು ನಿಧಾನವಾಗಿ ಸಡಿಲಿಸಿ ನೋಡಿ. ಎಣ್ಣೆಗಿಂತ ಮೊದಲು ನೀರು ಬಂದರೆ, ಈ ಮುಂಗಾರಿಗೆ ಮುಂಚೆಯೇ ಬದಲಿಸಿಬಿಡಿ.