ಪ್ರಾರ್ಥನೆ, ಪಿಸ್ತೂಲು ಮತ್ತು ಬೀಗದ ಕೈ

1997ರ ಡಿಸೆಂಬರ್ 1, ಸೋಮವಾರ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾ ಪಟ್ಟಣದ ಬಳಿಯ ಹೀತ್ ಪ್ರೌಢಶಾಲೆಯಲ್ಲಿ ತರಗತಿಗಳು ಇನ್ನೂ ಆರಂಭವಾಗಿರಲಿಲ್ಲ. ಎಂದಿನಂತೆ ಕೆಲವು ವಿದ್ಯಾರ್ಥಿಗಳು ಶಾಲೆಯ ಮೊಗಸಾಲೆಯಲ್ಲಿ ಕೈ ಕೈ ಹಿಡಿದು ವೃತ್ತವಾಗಿ ನಿಂತು ಪ್ರಾರ್ಥನೆ ಮುಗಿಸಿದ್ದರು. ಆಗ ಅದೇ ಶಾಲೆಯ 14 ವರ್ಷದ ಹುಡುಗನೊಬ್ಬ ಚೀಲದಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಿದ. ಮೂವರು ಹುಡುಗಿಯರು ಸತ್ತರು, ಐವರು ಗಾಯಗೊಂಡರು. ಪಿಸ್ತೂಲು ನೆರೆಮನೆಯ ಗ್ಯಾರೇಜಿನಿಂದ ಕದ್ದದ್ದು. ಸೋಮವಾರ ಏನೋ ಆಗಲಿದೆ ಎಂಬ ಸುಳಿವನ್ನು ಅವನು ಕೆಲವು ಸಹಪಾಠಿಗಳಿಗೆ ಮೊದಲೇ ಕೊಟ್ಟಿದ್ದ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಮಕ್ಕಳಲ್ಲಿ ದೈವಭಕ್ತಿ ಕುಂದಿದ್ದರಿಂದ ಹೀಗಾಗುತ್ತಿದೆಯೇ, ಅಥವಾ ಬಂದೂಕು ಸುಲಭವಾಗಿ ಕೈಗೆ ಸಿಗುವುದರಿಂದಲೇ? ಇಂಥ ಪ್ರತಿಯೊಂದು ಘಟನೆಯ ಬಳಿಕವೂ ಅಮೆರಿಕದಲ್ಲಿ ಈ ಚರ್ಚೆ ಏಳುತ್ತದೆ. ಆರೋಗ್ಯದ ಅಂಕಣದಲ್ಲಿ ಬಂದೂಕಿನ ಮಾತೇಕೆ ಎಂದು ನೀವು ಕೇಳಬಹುದು. 2020ರಲ್ಲಿ ಆ ದೇಶದ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಬಂದೂಕು ರಸ್ತೆ ಅಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಮಕ್ಕಳನ್ನು ಹೆಚ್ಚಾಗಿ ಕೊಲ್ಲುವುದು ಸಿಡುಬಾಗಲಿ ಸೀಸವಾಗಲಿ, ಅದು ವೈದ್ಯರ ವಿಷಯವೇ.

ಪ್ರಾರ್ಥನೆ ಇದ್ದಿದ್ದರೆ?

ಸರ್ಕಾರಿ ಶಾಲೆಗಳು ಅಧಿಕೃತವಾಗಿ ಪ್ರಾರ್ಥನೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪು ನೀಡಿತು. ದೇವರನ್ನು ಶಾಲೆಯಿಂದ ಹೊರಗೆ ಕಳಿಸಿದ ಮೇಲೆಯೇ ಹಿಂಸೆ ಒಳಗೆ ಬಂತೆಂದು ವಾದಿಸುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಮಿಷಿಗನ್ ರಾಜ್ಯದ ಬಾತ್ ಎಂಬ ಊರಿನ ಶಾಲೆಯಲ್ಲಿ ಒಬ್ಬಾತ ಸಿಡಿಮದ್ದು ಇಟ್ಟು 38 ಮಕ್ಕಳನ್ನು ಬಲಿ ತೆಗೆದುಕೊಂಡದ್ದು 1927ರಲ್ಲಿ. ಮಕ್ಕಳು ತಾವಾಗಿಯೇ ಪ್ರಾರ್ಥಿಸುವುದನ್ನು ಯಾವ ತೀರ್ಪೂ ತಡೆದಿಲ್ಲ. ಹೀತ್ ಶಾಲೆಯಲ್ಲಿ ನಡೆದದ್ದೂ ಅಂಥ ಪ್ರಾರ್ಥನೆಯೇ.

ಕೊಲರಾಡೊ ರಾಜ್ಯದ ಕೊಲಂಬೈನ್ ಶಾಲೆಯಲ್ಲಿ 1999ರ ಏಪ್ರಿಲ್ 20ರಂದು 12 ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಹತರಾದರು. ಅದಾದ ಎರಡು ತಿಂಗಳಿಗೆ ಅಮೆರಿಕದ ಕೆಳಮನೆ, ಶಾಲೆಗಳಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಲು ಅವಕಾಶ ಕೊಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಮರುದಿನ ಬಂದೂಕು ಮಾರಾಟದ ಮಸೂದೆಯನ್ನು ಸೋಲಿಸಿತು. ಕೊನೆಗೆ ಎರಡೂ ಕಾನೂನಾಗಲಿಲ್ಲ.

2025ರ ಆಗಸ್ಟ್ 27ರಂದು ಮಿನಿಯಾಪೊಲಿಸ್ ನಗರದ ಕ್ಯಾಥೊಲಿಕ್ ಚರ್ಚೊಂದರಲ್ಲಿ ಶಾಲಾ ಮಕ್ಕಳು ಪೂಜೆಯಲ್ಲಿದ್ದಾಗಲೇ ಹೊರಗಿನಿಂದ ಗುಂಡುಗಳು ಹಾರಿಬಂದು ಇಬ್ಬರು ಮಕ್ಕಳು ಸತ್ತರು. ಬರಿಯ ಪ್ರಾರ್ಥನೆಯ ಮಾತು ಆಡಬೇಡಿ, ಈ ಮಕ್ಕಳು ಪ್ರಾರ್ಥಿಸುತ್ತಲೇ ಇದ್ದರು ಎಂದು ನಗರದ ಮೇಯರ್ ಹೇಳಿದ್ದು ದೊಡ್ಡ ವಾದವನ್ನೇ ಎಬ್ಬಿಸಿತು.

ಹಾಗಾದರೆ ನಂಬಿಕೆಯಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬಲ್ಲಿ ಆಮಿಶ್ ಪಂಥದವರ ಒಂದೇ ಕೋಣೆಯ ಶಾಲೆಗೆ ನುಗ್ಗಿದ ವ್ಯಕ್ತಿ ಐವರು ಹುಡುಗಿಯರನ್ನು ಕೊಂದು ತಾನೂ ಗುಂಡಿಟ್ಟುಕೊಂಡ. ಅಂದೇ ಆಮಿಶ್ ಹಿರಿಯರು ಆತನ ಮನೆಗೆ ಹೋಗಿ ಹೆಂಡತಿ, ತಂದೆ ತಾಯಿಯರನ್ನು ಸಂತೈಸಿದರು. ಆತನ ಅಂತ್ಯಕ್ರಿಯೆಗೆ ಬಂದವರಲ್ಲಿ ಬಹಳಷ್ಟು ಮಂದಿ ಆಮಿಶರೇ. ಹತ್ತು ದಿನಗಳಲ್ಲಿ ಆ ಶಾಲೆಯನ್ನು ಕೆಡವಿ ನೆಲ ಸಮ ಮಾಡಿದರು, ಮರುವರ್ಷ ಬೇರೆಡೆ ಹೊಸ ಶಾಲೆ ಕಟ್ಟಿದರು.

ಕ್ಷಮಿಸಿದ ಮಾತ್ರಕ್ಕೆ ಮಗಳನ್ನು ಕಳೆದುಕೊಂಡ ನೋವು ಮಾಯುವುದಿಲ್ಲ. ಆದರೆ ನೊಂದವರನ್ನು ಒಂಟಿಯಾಗಿ ಬಿಡದಿರುವುದು, ಊಟ ಕೊಟ್ಟು ಜೊತೆಗೆ ಕೂರುವುದು, ಒತ್ತಾಯಿಸಿ ಮಾತನಾಡಿಸದಿರುವುದು, ಮಕ್ಕಳ ದಿನಚರಿಯನ್ನು ಬೇಗ ಮೊದಲಿನಂತೆ ಮಾಡುವುದು, ಇವೇ ಆಘಾತದ ಮೊದಲ ದಿನಗಳಿಗೆ ಮನೋವೈದ್ಯರು ಹೇಳುವ ಪ್ರಥಮ ಚಿಕಿತ್ಸೆ. ಒಂದು ಧಾರ್ಮಿಕ ಸಮುದಾಯ ಇದನ್ನು ಯಾರೂ ಹೇಳಿಕೊಡದೆ ಮಾಡಬಲ್ಲದು. ನಮ್ಮಲ್ಲಿ ಸಾವಿನ ಮನೆಗೆ ನೆರೆಯವರು ಅಡುಗೆ ಕಳಿಸುವುದೂ ಇದೇ ಬಗೆಯದು. ಆದರೆ ಇದೆಲ್ಲ ಗುಂಡು ಹಾರಿದ ಮೇಲಿನ ಮಾತು.

ಬಂದೂಕು ಬಂದದ್ದು ಎಲ್ಲಿಂದ?

ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ ಇಂಥ 37 ಶಾಲಾ ದಾಳಿಗಳನ್ನು ಪರಿಶೀಲಿಸಿದವು. ಸುಮಾರು ಮೂರರಲ್ಲಿ ಎರಡು ಪಾಲು ದಾಳಿಕೋರರಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ಬಂಧುಗಳ ಮನೆಯಲ್ಲಿ. ಐದು ದಾಳಿಗಳಲ್ಲಿ ನಾಲ್ಕರಷ್ಟು ಕಡೆ ಗೆಳೆಯನೋ ಒಡಹುಟ್ಟಿದವರೋ ಯಾರಾದರೊಬ್ಬರಿಗೆ ವಿಷಯ ಮೊದಲೇ ತಿಳಿದಿತ್ತು. ದಾಳಿಕೋರರಲ್ಲಿ ಮುಕ್ಕಾಲು ಪಾಲಿನಷ್ಟು ಹುಡುಗರು ಹಿಂದೆ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಮಾಡಿದ್ದವರು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಗಿಂತ ಮುಖ್ಯವಾದದ್ದು ಈ ಮೂರು ಸಂಗತಿಗಳು.

2012ರಲ್ಲಿ ನ್ಯೂಟೌನ್‌ನ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ ಯುವಕ ಬಳಸಿದ್ದು ಅವನ ತಾಯಿ ಕಾನೂನುಬದ್ಧವಾಗಿಯೇ ಕೊಂಡಿದ್ದ ಬಂದೂಕುಗಳನ್ನು. 2021ರಲ್ಲಿ ಮಿಷಿಗನ್‌ನ ಆಕ್ಸ್‌ಫರ್ಡ್‌ನಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ 15ರ ಹುಡುಗನಿಗೆ ಅಪ್ಪ ಪಿಸ್ತೂಲು ಕೊಡಿಸಿ ಕೇವಲ ನಾಲ್ಕು ದಿನವಾಗಿತ್ತು. 2024ರಲ್ಲಿ ಆ ತಂದೆ ತಾಯಿ ಇಬ್ಬರಿಗೂ ಕನಿಷ್ಠ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಮನಸ್ಸಿನ ಕಾಯಿಲೆಯೇ ಇದಕ್ಕೆಲ್ಲ ಮೂಲವೆನ್ನುವುದೂ ಸರಿಯಲ್ಲ. ಹೀತ್‌ನ ಹುಡುಗ ಕಾಯಿಲೆಯವನೇ ಆಗಿದ್ದ. ಆದರೆ ಮಾನಸಿಕ ರೋಗಿಗಳಲ್ಲಿ ಬಹುಪಾಲು ಮಂದಿ ಯಾರ ಮೇಲೂ ಕೈ ಎತ್ತುವವರಲ್ಲ. ಹದಿಹರೆಯದಲ್ಲಿ ಕೋಪ, ಅವಮಾನ, ಹತಾಶೆ ಎಲ್ಲರಿಗೂ ಬರುತ್ತವೆ, ಬಂದಷ್ಟೇ ವೇಗವಾಗಿ ಇಳಿಯುತ್ತವೆ ಕೂಡ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಪ್ರಶ್ನೆ. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು, ಶಾಲಾ ದಾಳಿಗಳದು ತೀರ ಸಣ್ಣ ಪಾಲು. ಬಂದೂಕಿನಿಂದ ಆತ್ಮಹತ್ಯೆಗೆ ಯತ್ನಿಸಿದ ಹತ್ತು ಮಂದಿಯಲ್ಲಿ ಒಂಬತ್ತರಷ್ಟು ಮಂದಿ ಬದುಕುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕ್ರಿಮಿನಾಶಕದ ಡಬ್ಬಿಯನ್ನು ಬೀಗದೊಳಗಿಡಿ ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಕಾನೂನಿನ ಮಾತು

1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಹತರಾದ ಮೇಲೆ ಬ್ರಿಟನ್ ಮರುವರ್ಷವೇ ಖಾಸಗಿ ಪಿಸ್ತೂಲುಗಳನ್ನು ನಿಷೇಧಿಸಿತು. ಅಮೆರಿಕದಲ್ಲಿ ಅದು ಸಾಧ್ಯವಿಲ್ಲ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅದನ್ನು ದೇವರೇ ಕೊಟ್ಟ ಹಕ್ಕೆಂದು ನಂಬುವವರೂ ಉಂಟು. ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಸರ್ಕಾರಿ ಆರೋಗ್ಯ ಸಂಸ್ಥೆಯ ಹಣ ಬಳಸಬಾರದೆಂದು 1996ರಲ್ಲಿ ಸಂಸತ್ತು ವಿಧಿಸಿದ ಷರತ್ತಿನಿಂದಾಗಿ ಈ ಬಗ್ಗೆ ವೈದ್ಯಕೀಯ ಸಂಶೋಧನೆಯೇ ಹೆಚ್ಚುಕಡಿಮೆ ನಿಂತುಹೋಗಿತ್ತು. ಮತ್ತೆ ಹಣ ಮಂಜೂರಾದದ್ದು 2019ರ ಕೊನೆಯಲ್ಲಿ. ಮನೆಯಲ್ಲಿ ಬಂದೂಕಿದೆಯೇ ಎಂದು ವೈದ್ಯರು ಕೇಳುವುದನ್ನೇ ನಿರ್ಬಂಧಿಸುವ ಕಾನೂನನ್ನು ಫ್ಲಾರಿಡಾ 2011ರಲ್ಲಿ ತಂದಿತು. 2017ರಲ್ಲಿ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಜ್ವರ ಎಷ್ಟಿದೆ ಎಂದು ವೈದ್ಯರು ಕೇಳಬಾರದೆಂದರೆ ಹೇಗೋ, ಇದೂ ಹಾಗೆಯೇ!

ನೀವು ಏನು ಮಾಡಬಹುದು?

ನಿಮ್ಮ ಮಗಳೋ ಮಗನೋ ಅಮೆರಿಕದಲ್ಲಿದ್ದು ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿದ್ದರೆ ಈ ಮಾತು ನಿಮ್ಮ ಮನೆಯದೂ ಹೌದು. ಬಂದೂಕು ಮನೆಯಲ್ಲಿ ಇಲ್ಲದಿರುವುದೇ ಅತ್ಯಂತ ಸುರಕ್ಷಿತ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಇರಲೇಬೇಕಾದರೆ ಗುಂಡು ತುಂಬಿರಬಾರದು, ಬಂದೂಕಿಗೆ ಬೀಗವಿರಬೇಕು, ಗುಂಡುಗಳು ಬೇರೆಡೆ ಬೇರೆ ಬೀಗದೊಳಗಿರಬೇಕು. ಮಗು ಆಡಲು ಗೆಳೆಯನ ಮನೆಗೆ ಹೊರಟಾಗ ಅಲ್ಲಿ ನಾಯಿ ಇದೆಯೇ ಎಂದು ಕೇಳುವಂತೆ ಬಂದೂಕು ಇದೆಯೇ, ಬೀಗ ಹಾಕಿದ್ದಾರೆಯೇ ಎಂದೂ ಕೇಳಲು ನಿಮ್ಮವರಿಗೆ ಹೇಳಿ. ಸಂಕೋಚ ಬೇಡ.

ಇದು ನಮ್ಮ ರಾಜ್ಯದಲ್ಲೂ ಕೋವಿ ಇರುವ ಮನೆಗಳಿಗೆ ಅನ್ವಯಿಸುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮಲೆನಾಡಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ರೈತರಿದ್ದಾರೆ. ಪೂಜೆ ಮುಗಿದ ಮೇಲೆ, ತೋಟದಿಂದ ಬಂದ ಮೇಲೆ ಅದು ಬೀಗದೊಳಗೆ ಹೋಗಲಿ, ಬೀಗದ ಕೈ ಇರುವ ಜಾಗ ಮಕ್ಕಳಿಗೆ ತಿಳಿಯದಿರಲಿ.

ಸಾಯುತ್ತೇನೆ, ಸಾಯಿಸುತ್ತೇನೆ ಎಂದು ಮಗು ಆಡಿದರೆ ಗದರಿಸಿ ಸುಮ್ಮನಾಗಿಸಬೇಡಿ, ಕುಳಿತು ಕೇಳಿ. ಸಹಪಾಠಿ ಹಾಗೆ ಹೇಳಿದನೆಂದು ಮಗು ತಿಳಿಸಿದರೆ ಅದನ್ನು ಚಾಡಿಯೆನ್ನದೆ ಶಾಲೆಯವರಿಗೆ ಮುಟ್ಟಿಸಿ. ಮನೆಯಲ್ಲಿ ಬಾಯಿ ಬಿಡದ ಮಗು ಪಾದ್ರಿಗೋ ಮೌಲ್ವಿಗೋ ಭಜನೆ ಕಲಿಸುವ ಮೇಷ್ಟ್ರಿಗೋ ಹೇಳಿಕೊಂಡೀತು. ಅಂಥವರು ಕೇಳಿ ಆಶೀರ್ವದಿಸಿ ಕಳಿಸಿಬಿಡದೆ ಹೆತ್ತವರಿಗೂ ವೈದ್ಯರಿಗೂ ತಿಳಿಸಬೇಕು. ನಮ್ಮ ದೇಶದಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಇಂಥ ಸುದ್ದಿಯನ್ನು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿದ ಪುಟ್ಟ ಮಕ್ಕಳು ರಾತ್ರಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗಲು ಹಟ ಮಾಡುವುದು ಉಂಟು. ಟಿ.ವಿ. ಆರಿಸಿ, ಕೇಳಿದ್ದಕ್ಕೆ ಮಾತ್ರ ನಿಜವಾದ ಉತ್ತರ ಕೊಡಿ, ಕೆಲವು ದಿನ ಪಕ್ಕದಲ್ಲೇ ಮಲಗಿಸಿಕೊಳ್ಳಿ. ತಿಂಗಳು ಕಳೆದರೂ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.