ಸಾಲಿಗೆ ಹೊರಟ ಮೊಮ್ಮಗಳಿಗೆ

ದೇವಣಿ



ಲೋಹಾರಾ ಕಡೆಯ ಸಾಲಿಗೆ ನಿನ್ನ ಆರ್ಡರ್ ಬಂತೆಂದು ನಿಮ್ಮವ್ವ ಫೋನು ಮಾಡಿದಳು. ಖುಷಿಗೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ. ಶುಗರ್ ಏರುತ್ತದೆಂದು ನಿಮ್ಮಜ್ಜಿ ಬೈದಳು. ಮನೆಮಾತು ಕನ್ನಡ, ಮರಾಠಿಯಲ್ಲಿ ಹೇಗೆ ಕಲಿಸಲಿ ಎಂದು ನೀನು ಅಳುತ್ತಿದ್ದೀಯಂತೆ.

ಅಳಬೇಡವ್ವಾ. ಆ ತಾಲ್ಲೂಕಿನಲ್ಲೇ ಹಿಪ್ಪರಗಾ ಇದೆ. ಅಲ್ಲಿನ ರಾಷ್ಟ್ರೀಯ ಶಾಲೆಗೆ ಹೆಡ್‌ಮಾಸ್ತರರಾಗಿ ಬಂದವರು ಕನ್ನಡ ಸೀಮೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ. 1932ರಲ್ಲಿ ಸನ್ಯಾಸ ತೊಟ್ಟು ಸ್ವಾಮಿ ರಾಮಾನಂದ ತೀರ್ಥರಾದರು. ಕಾವಿ ಉಟ್ಟರೂ ಸೀಮೆಸುಣ್ಣ ಬಿಡಲಿಲ್ಲ. ಅಂಬಾಜೋಗಾಯಿಗೆ ಹೋಗಿ ಯೋಗೇಶ್ವರಿ ಶಾಲೆ ನಡೆಸಿದರು. ಆಗ ಈ ಸೀಮೆ ಆಳುತ್ತಿದ್ದ ಹೈದರಾಬಾದಿನ ನಿಜಾಮನ ಸರ್ಕಾರಕ್ಕೆ ಇಂಥ ಮಾಸ್ತರರೆಂದರೆ ಅನುಮಾನ. 1938ರಲ್ಲಿ ಸತ್ಯಾಗ್ರಹ ಮಾಡಿ ಜೈಲು ಕಂಡರು, 1947ರಲ್ಲಿ ಮತ್ತೆ ಜೈಲು. 1948ರಲ್ಲಿ ಮತ್ತೆ ಹಿಡಿದರು. ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೇ ಅವರು ಹೊರಗೆ ಬಂದದ್ದು.

1948ರಲ್ಲಿ ನನಗೆ ಎಂಟು ವರ್ಷ. ನಿಜಾಮನ ಪರ ಊರುಗಳ ಮೇಲೆ ಬೀಳುತ್ತಿದ್ದ ರಜಾಕಾರರ ನಾಯಕ ಕಾಸೀಂ ರಜವಿ ಲಾತೂರಿನ ವಕೀಲ, ಅಂದರೆ ಬೆಂಕಿ ಇಟ್ಟವನು ನಮ್ಮ ನೆರೆಯವನೇ. ಒಂದು ರಾತ್ರಿ ಅಪ್ಪ ಎತ್ತಿನ ಕೊರಳ ಗೆಜ್ಜೆ ಬಿಚ್ಚಿ, ಸಪ್ಪಳವಾಗದಂತೆ ಜೋಳದ ಚೀಲದೊಳಗೆ ತುರುಕಿದ. ಸೋಲಾಪುರದ ಗಡಿ ಕಡೆಗೆ ಗಾಡಿ ಹೊಡೆದೆವು. ಕೆಮ್ಮು ಬಂದರೆ ಅವ್ವ ಸೆರಗಿನಿಂದ ನನ್ನ ಬಾಯಿ ಮುಚ್ಚುತ್ತಿದ್ದಳು.

ಇಲ್ಲಿಯತನಕ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ನಾನೂ ನಿಮಗ್ಯಾರಿಗೂ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದ ಮೇಲೆ ಪೆಟ್ಟು ಮುಸಲ್ಮಾನರ ಮೇಲೆ ತಿರುಗಿತು. ಆಮೇಲೆ ಭಾರತ ಸರ್ಕಾರದ ಪರವಾಗಿ ಬಂದು ನೋಡಿದ ಪಂಡಿತ ಸುಂದರಲಾಲರ ಸಮಿತಿ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ ಎರಡನ್ನೂ ಹೆಸರಿಸಿತು. ನಮ್ಮ ಉದಗೀರ, ನಿಲಂಗಾ ಆಗ ಬೀದರಕ್ಕೇ ಸೇರಿದ್ದವು.

ನನಗೆ ಪಾಟಿಯ ಮೇಲೆ ಉರ್ದುವಿನ ಅಲಿಫ್, ಬೇ ತಿದ್ದಿಸಿದ ಮಾಸ್ತರರೊಬ್ಬರಿದ್ದರು. ಬಳಪ ಸಣ್ಣದಾದರೆ ಜೋಳದ ದಂಟಿಗೆ ಸಿಕ್ಕಿಸಿ ಕೊಡುತ್ತಿದ್ದರು, ಹಿಡಿಯಲು ಸುಲಭವಾಗಲೆಂದು. ನಾವು ಊರಿಗೆ ಮರಳಿದೆವು, ಗೆಜ್ಜೆ ಮತ್ತೆ ಎತ್ತಿನ ಕೊರಳಿಗೆ ಬಂತು. ಅವರು ಮಾತ್ರ ಸಾಲಿಗೆ ಬರಲಿಲ್ಲ. ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರಾಠಿ ಬಂದೇ ಬರುತ್ತದೆ, ಹುಡುಗರೇ ಕಲಿಸುತ್ತಾರೆ. ಹಾಜರಿ ಕರೆಯುವಾಗ ಯಾವುದಾದರೂ ಕೂಸು ಎರಡು ದಿನ ಓಗೊಡದಿದ್ದರೆ ಮನೆತನಕ ಹೋಗಿ ಕೇಳಿ ಬಾ. ಯಾರ ಮನೆಯಾದರೂ ಸರಿ.

ಶೇಂಗಾ ಹಿಂಡಿ ಕಳಿಸಿದ್ದೇನೆ, ಖಾರ ತುಸು ಹೆಚ್ಚಾಗಿದೆ.

ನಿನ್ನ ಮುತ್ಯಾ